ಹುಳಕ್ಕೆ ಅಡುಗೆ ಮಾಡುವ ಓದು

(ವಿಜಯಪುರದಲ್ಲಿ ನೆಲೆಸಿರುವ ನಿವೃತ್ತ ಕೀಟಶಾಸ್ತ್ರ ಪ್ರಾಧ್ಯಾಪಕರೊಬ್ಬರು ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ)

ಪ್ರಶ್ನೆ: ನಮ್ಮದು ಆರು ಎಕರೆ ಎರೆ ಹೊಲ, ತೊಗರಿಯೇ ಮುಖ್ಯ ಬೆಳೆ. ಈ ಸಲ ಅರ್ಧದಷ್ಟು ಗಿಡಗಳು ಗೊಡ್ಡಾಗಿವೆ. ಹೂವಿಲ್ಲ, ಕಾಯಿಲ್ಲ. ಅಂಗಡಿಯವರು ಹೇಳಿದಂತೆ ಅಪ್ಪ ಮೂರು ಸಲ ಕೀಟನಾಶಕ ಹೊಡೆದರು. ಇದು ಹುಳದ ಕಾಟವೋ, ರೋಗವೋ? ನಾನು ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ಕೀಟಶಾಸ್ತ್ರ ಓದುವ ಆಸೆಯಿದೆ. "ಹುಳ ಹಿಡಿಯಲು ಕಾಲೇಜು ಯಾಕೆ, ಹೊಲಕ್ಕೆ ಹೋದರೆ ಸಾಲದೇ?" ಎಂದು ಅಜ್ಜಿ ನಗುತ್ತಾರೆ.
- ವಿದ್ಯಾರ್ಥಿನಿ, ಇಂಡಿ ತಾಲ್ಲೂಕು

ಉತ್ತರ: ತಂಗಿ, ನಿನ್ನ ಅಜ್ಜಿಯ ಪ್ರಶ್ನೆ ನನ್ನ ಅವ್ವನದೂ ಆಗಿತ್ತು. ಎಂಎಸ್ಸಿಯಲ್ಲಿ ನಾನು ತೊಗರಿಯ ಕಾಯಿಕೊರಕ ಹುಳುಗಳನ್ನು ಪ್ರಯೋಗಾಲಯದಲ್ಲಿ ಸಾಕಬೇಕಿತ್ತು. ಅವುಗಳಿಗೆ ಕಡಲೆ ಹಿಟ್ಟಿನ ಆಹಾರವನ್ನು ಬೇಯಿಸಿ, ಆರಿಸಿ, ತುಂಡು ಮಾಡಿ ಇಡಬೇಕು. "ಮನೆಯಲ್ಲಿ ಒಂದು ದಿನ ಜುಣಕ ಮಾಡದವನು ಹುಳಕ್ಕೆ ಅಡುಗೆ ಮಾಡುತ್ತಾನೆ" ಎಂದು ಅವ್ವ ಓಣಿಯೆಲ್ಲ ಹೇಳಿಕೊಂಡು ಬಂದಳು. ಮೊದಲ ವಾರ ಜಾಗ ಉಳಿಸಲೆಂದು ಒಂದೇ ಡಬ್ಬಿಯಲ್ಲಿ ಹತ್ತು ಮರಿಗಳನ್ನು ಬಿಟ್ಟೆ. ನಾಲ್ಕು ದಿನದ ಮೇಲೆ ಮುಚ್ಚಳ ತೆಗೆದರೆ ಮೂರೇ ಇದ್ದವು, ಮೂರೂ ಕೊಬ್ಬಿದ್ದವು. ಈ ಹುಳು ಒಡಹುಟ್ಟಿದವರನ್ನೇ ತಿನ್ನುತ್ತದೆ ಎಂದು ಪುಸ್ತಕದಲ್ಲಿ ಬರೆದಿತ್ತು, ನಾನೇ ಓದಿರಲಿಲ್ಲ. ಆಮೇಲೆ ಹುಳಕ್ಕೊಂದು ಸೀಸೆ. ಇನ್ನೂರು ಸೀಸೆಗಳನ್ನು ತೊಳೆಯುವುದರಲ್ಲೇ ಬೆಳಗು ಮುಗಿಯುತ್ತಿತ್ತು. ಕಾಲೇಜಿನಲ್ಲಿ ಕಲಿಸುವುದು ಹುಳ ಹಿಡಿಯುವುದನ್ನಲ್ಲ, ಹೀಗೆ ಸಾಕುವುದನ್ನು, ಎಣಿಸುವುದನ್ನು, ಬರೆದಿಡುವುದನ್ನು ಎಂದು ಅಜ್ಜಿಗೆ ಹೇಳು. ಅವರು ಇನ್ನೂ ಜೋರಾಗಿ ನಗಬಹುದು.

ಇನ್ನು ನಿಮ್ಮ ತೊಗರಿ. ಎಲೆ ಸಣ್ಣದಾಗಿ, ತಿಳಿ ಹಸಿರು ಮಚ್ಚೆ ಬಿದ್ದು, ಗಿಡ ಪೊದೆಯಂತೆ ಬೆಳೆದು ಹೂವು ಬಿಡದಿದ್ದರೆ ಅದು ಗೊಡ್ಡು ರೋಗ. ರೋಗ ತರುವುದು ನಂಜಾಣು, ಅಂದರೆ ವೈರಸ್; ಅದನ್ನು ಗಿಡದಿಂದ ಗಿಡಕ್ಕೆ ಹೊರುವುದು ಒಂದು ನುಸಿ. ಕೀಟಕ್ಕೆ ಆರು ಕಾಲು, ನುಸಿಗೆ ಸಾಮಾನ್ಯವಾಗಿ ಎಂಟು. ಈ ಪುಣ್ಯಾತ್ಮನಿಗೆ ನಾಲ್ಕೇ. ಐದು ನುಸಿಗಳನ್ನು ಸಾಲಾಗಿ ನಿಲ್ಲಿಸಿದರೆ ಒಂದು ಮಿಲಿಮೀಟರ್ ಆದೀತು. ಗಾಳಿ ಬಂದತ್ತ ತೇಲಿ ಹೋಗುತ್ತದೆ. ಅಪ್ಪ ಹೊಡೆದ ಕೀಟನಾಶಕ ಗೊಡ್ಡಾದ ಗಿಡದಲ್ಲಿ ಹೂವು ತರಿಸಲಾರದು. ನಂಜಾಣು ಒಳಹೊಕ್ಕ ಗಿಡಕ್ಕೆ ಮದ್ದಿಲ್ಲ. ಮುಂದಿನ ಸಲ ಬಿತ್ತುವ ಮೊದಲು ಬದುವಿನ ಮೇಲೆ ಉಳಿದ ಹಳೆಯ ತೊಗರಿಯನ್ನೂ, ಕೊಯ್ದ ಕೂಳೆಯಿಂದ ಚಿಗುರಿದ್ದನ್ನೂ ಕಿತ್ತುಹಾಕಿ. ಬೇಸಿಗೆಯಲ್ಲಿ ನುಸಿಯೂ ನಂಜಾಣುವೂ ಬದುಕಿ ಉಳಿಯುವುದು ಅಲ್ಲಿಯೇ. ಬಿತ್ತಿದ ಒಂದೂವರೆ ತಿಂಗಳೊಳಗೆ ಮಚ್ಚೆ ಕಂಡ ಗಿಡವನ್ನು ಕನಿಕರವಿಲ್ಲದೆ ಕೀಳಿ. ತಳಿ ಬದಲಿಸುವುದಾದರೆ ಬಿಎಸ್‌ಎಂಆರ್-736 ಅಥವಾ ಆಶಾ ಈ ರೋಗವನ್ನು ತಡೆಯುತ್ತವೆ.

ಹುಳವೋ ರೋಗವೋ ಎಂದು ಕೇಳಿದೆಯಲ್ಲ, ಆ ಗೆರೆಯನ್ನು ಎಳೆದವರು ನಾವು, ಹೊಲವಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಒಬ್ಬರೇ ಶಿಲೀಂಧ್ರವನ್ನೂ ಕೀಟವನ್ನೂ ನೋಡಿಕೊಳ್ಳುತ್ತಿದ್ದರು. ಈಗ ಅವೆರಡೂ ಬೇರೆ ಬೇರೆ ವಿಭಾಗಗಳು. ಗೊಡ್ಡು ರೋಗದಂಥದ್ದು ಬಂದಾಗ ಇವರು ಅವರ ಬಾಗಿಲು ತಟ್ಟಬೇಕಾಗುತ್ತದೆ. ಈ ರೋಗವನ್ನು ಮೊದಲು ವರದಿ ಮಾಡಿದ್ದು 1931ರಲ್ಲಿ, ಬಿಹಾರದ ಪೂಸಾದಿಂದ. ನುಸಿಯೇ ವಾಹಕ ಎಂದು ಗೊತ್ತಾದದ್ದು 1962ರಲ್ಲಿ. ನಂಜಾಣು ಕೈಗೆ ಸಿಕ್ಕಿದ್ದು 2000ದ ಸುಮಾರಿಗೆ, ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳಿಗೆ. ನಾನು ಪಾಠ ಶುರು ಮಾಡಿದ ದಿನಗಳಲ್ಲಿ 'ರೋಗಕಾರಕ: ಖಚಿತವಿಲ್ಲ' ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಅದನ್ನು ಅಳಿಸಿ ಹೆಸರು ಬರೆದ ದಿನ ತರಗತಿಯಲ್ಲಿ ಯಾರೂ ತಲೆ ಎತ್ತಲಿಲ್ಲ. ನನಗೆ ಮಾತ್ರ ಆ ದಿನ ಊಟ ಸೇರಲಿಲ್ಲ.

ದಾರಿ ಹೇಳುವುದಾದರೆ: ಸಿಇಟಿ ಬರೆ. ರೈತರ ಮಕ್ಕಳ ಕೋಟಾಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ, ಆ ದಾಖಲೆಗಳನ್ನು ಈಗಲೇ ಹೊಂದಿಸಿಕೊ. ಬಿಎಸ್ಸಿ ಕೃಷಿ ನಾಲ್ಕು ವರ್ಷ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಾಲೇಜು ವಿಜಯಪುರದಲ್ಲೇ ಇದೆ. ಆಮೇಲೆ ಎಂಎಸ್ಸಿ ಎರಡು ವರ್ಷ, ಪಿಎಚ್‌ಡಿ ಕನಿಷ್ಠ ಮೂರು. ಪಾಠ ಮಾಡುವ ಹುದ್ದೆಗಳ ಜಾಹೀರಾತು ಮಳೆಯಂತೆ, ಬಂದಾಗ ಬಂತು. ಆದ್ದರಿಂದ ಕೃಷಿ ಅಧಿಕಾರಿ, ಕೃಷಿ ವಿಜ್ಞಾನ ಕೇಂದ್ರ, ಸಸ್ಯ ಸಂಪರ್ಕ ನಿಷೇಧ (ಕ್ವಾರಂಟೈನ್) ವಿಭಾಗ, ಇವುಗಳತ್ತಲೂ ಕಣ್ಣಿಟ್ಟಿರು. ಕೀಟನಾಶಕ ಕಂಪನಿಗಳೂ ಕರೆಯುತ್ತವೆ, ಸಂಬಳವೂ ಚೆನ್ನಾಗಿರುತ್ತದೆ. ಹೋಗಬೇಡ ಎನ್ನುವುದಿಲ್ಲ. ಹೋದರೆ, ಅಪ್ಪನಿಗೆ ಮೂರು ಸಲ ಔಷಧಿ ಕೊಟ್ಟ ಅಂಗಡಿಯ ನೆನಪಿರಲಿ.

ಪ್ರಶ್ನೆ: ಕಬ್ಬಿನ ಎಲೆಯ ಕೆಳಗೆ ಬಿಳಿ ಹತ್ತಿಯಂಥದ್ದು ಅಂಟಿಕೊಂಡಿದೆ. ಕೆಳಗಿನ ಎಲೆಗಳ ಮೇಲೆ ಕಪ್ಪು ಬೂಷ್ಟು. ಏನು ಹೊಡೆಯಲಿ?
- ರೈತರು, ಮುಧೋಳ

ಉತ್ತರ: ಸದ್ಯಕ್ಕೆ ಏನನ್ನೂ ಹೊಡೆಯಬೇಡಿ. ಅದು ಉಣ್ಣೆ ಹೇನು. ಅದು ಸುರಿಸುವ ಸಿಹಿ ಅಂಟಿನ ಮೇಲೆ ಬೂಷ್ಟು ಬೆಳೆದಿದೆ. 2002ರಲ್ಲಿ ಸಾಂಗಲಿ ಕಡೆಯಿಂದ ಇದು ನಮ್ಮ ಕಬ್ಬಿಗೆ ನುಗ್ಗಿದಾಗ ಗಾಬರಿಯಲ್ಲಿ ಸಿಕ್ಕಸಿಕ್ಕದ್ದನ್ನೆಲ್ಲ ಹೊಡೆದವರಿದ್ದರು. ಜಮಖಂಡಿ ಹತ್ತಿರದ ಒಂದು ಹೊಲದಲ್ಲಿ ರೈತರೊಬ್ಬರು "ಹೇನು ಸಾಲದೆಂದು ಈಗ ಕೀಡಿಯೂ ಬಿತ್ತು ಸಾಹೇಬರೇ" ಎಂದು ಎಲೆ ತೋರಿಸಿದರು. ಹೇನಿನ ನಡುವೆ ತೆಳು ನೂಲಿನ ಗೂಡು, ಅದರೊಳಗೆ ಸಣ್ಣ ಹುಳು. ಭೂತಗನ್ನಡಿ ಹಿಡಿದು ಅವರ ಕೈಗೇ ಕೊಟ್ಟೆ. ಹುಳು ಹೇನನ್ನು ಹಿಡಿದು ತಿನ್ನುತ್ತಿತ್ತು. ಅದು ಡೈಫಾ ಎಂಬ ಪತಂಗದ ಮರಿ, ಉಣ್ಣೆ ಹೇನೇ ಅದರ ಊಟ. ಅವರು ಅಷ್ಟು ಹೊತ್ತಿಗೆ ಅರ್ಧ ಹೊಲಕ್ಕೆ ಸಿಂಪಡಿಸಿ ಆಗಿತ್ತು. ಉಳಿದರ್ಧವನ್ನು ಹಾಗೇ ಬಿಟ್ಟರು.

ನೀವೂ ಬೆಳಗಿನ ಹೊತ್ತು ಹತ್ತಿಪ್ಪತ್ತು ಎಲೆಗಳನ್ನು ತಿರುವಿ ನೋಡಿ. ನೂಲಿನೊಳಗೆ ಹುಳು ಕಂಡರೆ ಪಂಪ್ ಕೆಳಗಿಡಿ. ಹುಳು ಹೆಚ್ಚಿರುವ ಎಲೆಗಳನ್ನು ತುಂಡು ಮಾಡಿ, ಹೇನು ಇದ್ದು ಹುಳು ಇಲ್ಲದ ಸಾಲಿನ ಎಲೆಗಳಿಗೆ ಸಿಕ್ಕಿಸಿ. ಮಿಕ್ಕರೆ ಪಕ್ಕದ ಹೊಲದವರಿಗೂ ಕೊಡಿ.