ಹನ್ನೊಂದು ವರ್ಷದಿಂದ ಕುರ್ಚಿ ಹಾಕ್ತಿದ್ದೀನಿ, ನನ್ನ ಹೆಸರೇ ಕರೀಲಿಲ್ಲ

ಪ್ರಶ್ನೆ: ಸರ್, ನಮ್ಮ ಸಭೆಯಲ್ಲಿ (ಚರ್ಚಲ್ಲಿ) ಹನ್ನೊಂದು ವರ್ಷದಿಂದ ಕುರ್ಚಿ ಹಾಕೋದು, ಕಸ ಗುಡಿಸೋದು, ಆರಾಧನೆ ಮುಗಿದ ಮೇಲೆ ಟಾಯ್ಲೆಟ್ ತೊಳೆಯೋದು ಎಲ್ಲಾ ನಾನೇ. ಮೊನ್ನೆ ವಾರ್ಷಿಕೋತ್ಸವದಲ್ಲಿ ಎಲ್ಲರನ್ನೂ ಸ್ಟೇಜಿಗೆ ಕರೆದ್ರು, ನನ್ನ ಹೆಸರೊಂದು ಬಿಟ್ಟು. ಬೇಜಾರಾಯ್ತು ಅಂತ ಹಿರಿಯರೊಬ್ಬರ ಹತ್ರ ಹೇಳಿದ್ರೆ "ದೊಡ್ಡವನಾಗಬೇಕಾದ್ರೆ ಸೇವಕನಾಗು ಅಂತ ಯೇಸುಸ್ವಾಮಿ ಹೇಳಿಲ್ವಾ, ಹೆಸರು ಯಾಕೆ ನಿಂಗೆ" ಅಂದ್ರು. ಬೇಜಾರಾಗಿದ್ದೇ ಪಾಪನಾ?

ಉತ್ತರ: ಪಾಪ ಅಲ್ಲ ಬ್ರದರ್, ನೋವಾಗಿದೆ ಅಷ್ಟೇ. ಆ ಹಿರಿಯರು ಹೇಳಿದ ಮಾತು ಸುವಾರ್ತೆಯಲ್ಲಿ ಇರೋದು ನಿಜ, ಆದ್ರೆ ಅದನ್ನ ಯಾರಿಗೆ ಹೇಳಿದ್ದು ಅಂತಾನೂ ನೋಡಬೇಕಲ್ವಾ. ಮಾರ್ಕನ 10ನೇ ಅಧ್ಯಾಯ ತೆಗೀರಿ. ಯಾಕೋಬ, ಯೋಹಾನ ಅನ್ನೋ ಶಿಷ್ಯರಿಬ್ರೂ ಯೇಸುಸ್ವಾಮಿ ಹತ್ರ ಬಂದು ನೀನು ಮಹಿಮೆಯಲ್ಲಿ ಕೂತಾಗ ನಮ್ಮಲ್ಲಿ ಒಬ್ಬನಿಗೆ ಬಲಗಡೆ ಒಬ್ಬನಿಗೆ ಎಡಗಡೆ ಜಾಗ ಕೊಡು ಅಂತ ಕೇಳ್ತಾರೆ (ಮತ್ತಾಯ ಬರೆದಿರೋದ್ರಲ್ಲಿ ಕೇಳೋದು ಅವರ ತಾಯಿ), ಅದು ಕಿವಿಗೆ ಬಿದ್ದಿದ್ದೇ ಉಳಿದ ಹತ್ತೂ ಜನಕ್ಕೆ ಸಿಟ್ಟು, ಅವರಿಗೂ ಅದೇ ಜಾಗದ ಮೇಲೆ ಕಣ್ಣಿತ್ತು ಅಂತಾನೇ ನಂಗೆ ಅನ್ಸೋದು. ಆಗ ಯೇಸುಸ್ವಾಮಿ ಹನ್ನೆರಡೂ ಜನಾನ ಹತ್ರ ಕರೆದು ಹೇಳಿದ ಮಾತು ಅದು. ಮೇಲಿನ ಜಾಗಕ್ಕೆ ಕಿತ್ತಾಡ್ತಿದ್ದವರಿಗೆ, ನಾಳೆ ಸಭೆ ನಡೆಸಬೇಕಾದವರಿಗೆ ಹೇಳಿದ್ದು. ಪೊರಕೆ ಹಿಡಿದವನ ಬಾಯಿ ಮುಚ್ಚಿಸೋಕೆ ಅಲ್ಲ. ಇದನ್ನ ನಾವು ಉಲ್ಟಾ ಮಾಡ್ಕೊಂಡಿದ್ದೀವಿ ಅನ್ನೋದು ನನಗೆ ತುಂಬಾ ನೋವಿನ ವಿಷಯ.

ಯೋಹಾನನ 13ನೇ ಅಧ್ಯಾಯಾನೂ ನಿಧಾನಕ್ಕೆ ಓದಿ. ಯೇಸುಸ್ವಾಮಿ ಊಟದ ಮಧ್ಯೆ ಎದ್ದು, ಮೇಲಂಗಿ ತೆಗೆದಿಟ್ಟು, ಸೊಂಟಕ್ಕೆ ಟವೆಲ್ ಕಟ್ಕೊಂಡು, ಬೋಗುಣಿಗೆ ನೀರು ಹಾಕಿ, ಶಿಷ್ಯರಲ್ಲಿ ಒಬ್ಬೊಬ್ಬರದೇ ಕಾಲು ತೊಳೆದು ಆ ಸೊಂಟದ ಟವೆಲಲ್ಲೇ ಒರೆಸ್ತಾರೆ. ಚಪ್ಪಲಿ ಹಾಕ್ಕೊಂಡು ಮಣ್ಣುದಾರೀಲಿ ನಡೆದು ಬಂದ ಕಾಲುಗಳು, ಹನ್ನೆರಡು ಜನ ಅಂದ್ರೆ ಇಪ್ಪತ್ನಾಲ್ಕು ಪಾದ, ಕೊನೆಯವನ ಹತ್ರ ಬರೋ ಹೊತ್ತಿಗೆ ಆ ಟವೆಲ್ ಹೇಗಾಗಿರಬೇಕು ಯೋಚಿಸಿ. ಅದ್ರಲ್ಲಿ ಅವರನ್ನ ಹಿಡಿದುಕೊಟ್ಟ ಯೂದನ ಕಾಲೂ ಇತ್ತು, ಅವನು ಎದ್ದು ಹೊರಗೆ ಹೋಗಿದ್ದು ಆಮೇಲೆ. ತೊಳೆದಾದ ಮೇಲೆ ಏನಂದ್ರು? ನೀವು ನನ್ನನ್ನ ಬೋಧಕ, ಕರ್ತ ಅಂತೀರಿ, ಅದು ಸರೀನೇ ಅಂದ್ರು. ತನ್ನ ಸ್ಥಾನ ಏನೂ ಅಲ್ಲ ಅಂತ ಹೇಳಲೇ ಇಲ್ಲ ನೋಡಿ, ಆ ಸ್ಥಾನ ಇಟ್ಕೊಂಡೇ ಬಗ್ಗಿದ್ರು, ನೀವೂ ಒಬ್ಬರ ಕಾಲು ಒಬ್ಬರು ತೊಳೀಬೇಕು ಅಂದ್ರು. ಒಬ್ಬನೇ ಹನ್ನೊಂದು ವರ್ಷ ಎಲ್ಲರ ಕಾಲು ತೊಳೀತಾ ಇರ್ಲಿ ಅಂತ ಅಲ್ಲ.

6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತನ್ನ ಮಠಕ್ಕೆ ಬರೆದ ನಿಯಮಾವಳಿಯ 35ನೇ ಅಧ್ಯಾಯ ಇದಕ್ಕೆ ಸರಿಯಾಗಿ ಹೊಂದುತ್ತೆ. ಅಡುಗೆಮನೆ ಕೆಲಸ ವಾರಕ್ಕೊಬ್ಬರ ಸರದಿ, ಕಾಯಿಲೆ ಇರೋರು, ತೀರಾ ಮುಖ್ಯ ಕೆಲಸ ಇರೋರು ಬಿಟ್ರೆ ಯಾರಿಗೂ ವಿನಾಯಿತಿ ಇಲ್ಲ. ವಾರ ಮುಗಿಸೋನು ಶನಿವಾರ ಟವೆಲ್ ಒಗೀಬೇಕು, ಅವನೂ ಮುಂದಿನ ವಾರದವನೂ ಸೇರಿ ಎಲ್ಲರ ಕಾಲು ತೊಳೀಬೇಕು. ನಂಗೆ ಇಷ್ಟ ಆಗಿದ್ದು ಇನ್ನೊಂದು ಸಾಲು: ಬಡಿಸೋರಿಗೆ ಊಟಕ್ಕೆ ಒಂದು ಗಂಟೆ ಮುಂಚೆ ಒಂಚೂರು ರೊಟ್ಟಿ, ಕುಡಿಯೋಕೆ ಏನಾದ್ರೂ ಕೊಡಿ, ಗೊಣಗದೆ ಬಡಿಸ್ಲಿ ಅಂತ. ಸೇವೆ ಮಾಡೋನಿಗೂ ಹಸಿವಾಗುತ್ತೆ ಅಂತ ಆ ಮನುಷ್ಯನಿಗೆ ಗೊತ್ತಿತ್ತು.

ಫಾದರ್ ಡೇಮಿಯನ್ 1873ರಲ್ಲಿ ಹವಾಯಿಯ ಮೊಲೊಕಾಯಿ ದ್ವೀಪಕ್ಕೆ ಹೋಗಿ, ಅಲ್ಲಿ ದೂಡಿಬಿಟ್ಟಿದ್ದ ಕುಷ್ಠರೋಗಿಗಳ ಹುಣ್ಣು ಕಟ್ಟಿ, ಸತ್ತವರಿಗೆ ತಾನೇ ಪೆಟ್ಟಿಗೆ ಮಾಡಿ, ಗುಂಡಿ ತೋಡಿ, ಅದೇ ರೋಗ ಬಂದು 1889ರಲ್ಲಿ ತೀರ್ಕೊಂಡ್ರು. ಆದ್ರೆ ಅವರೇನು ಬಾಯಿ ಮುಚ್ಕೊಂಡು ಕೂತವರಲ್ಲ, ನಮ್ಮ ಜನಕ್ಕೆ ಇದು ಬೇಕು ಅದು ಬೇಕು ಅಂತ ಅಧಿಕಾರಿಗಳ ಬೆನ್ನು ಬಿಡದೆ ಕೇಳಿದವರು. ದೀನತೆ ಬೇರೆ, ಮೂಕನಾಗಿರೋದು ಬೇರೆ.

ಹಾಗಾಗಿ ನೀವು ಪಾಸ್ಟರ್ ಹತ್ರಾನೇ ಹೋಗಿ ನೇರವಾಗಿ ಹೇಳಿ, ನನಗೆ ನೋವಾಯ್ತು, ಮತ್ತೆ ಈ ಕೆಲಸಕ್ಕೆ ಸರದಿ ಹಾಕಿ, ಮೊದಲನೇ ವಾರ ಹಿರಿಯರು ಬರ್ಲಿ ಅಂತ. ಇನ್ನೊಂದು ಮಾತು, ಪ್ರೀತಿಯಿಂದ ಹೇಳ್ತೀನಿ, ಮುಂದಿನ ವರ್ಷ ಹೆಸರು ಕರೆದ್ರೂ ಅದರ ಖುಷಿ ಒಂದು ವಾರ ಇರುತ್ತೆ ಅಷ್ಟೇ. ಅಂತರಂಗದಲ್ಲಿ ನೋಡೋ ತಂದೆ ಅಂತ ಮತ್ತಾಯ 6ರಲ್ಲಿ ಇದೆಯಲ್ಲ, ಬೆಳಿಗ್ಗೆ ಖಾಲಿ ಹಾಲ್‌ನಲ್ಲಿ ಒಬ್ಬರೇ ಕುರ್ಚಿ ಹಾಕುವಾಗ ಅವರ ಜೊತೆ ಮಾತಾಡ್ತಾ ಹಾಕಿ ನೋಡಿ.

ಪ್ರಶ್ನೆ: ಜೀವನ ಪೂರ್ತಿ ಕಾಯಿಲೆಯವರ ಸೇವೆ ಮಾಡಿದೋಳು ನಾನು. ಈಗ ಹಾಸಿಗೆ ಹಿಡಿದಿದ್ದೀನಿ, ಸೊಸೆ ಸ್ನಾನ ಮಾಡಿಸ್ತಾಳೆ, ನಾಚಿಕೆಯಿಂದ ಅಳು ಬರುತ್ತೆ.

ಉತ್ತರ: ಅಮ್ಮಾ, ಯೇಸುಸ್ವಾಮಿ ಶಿಷ್ಯರ ಕಾಲು ತೊಳೆಯೋಕೆ ಬಂದಾಗ ಶಿಷ್ಯ ಪೇತ್ರನಿಗೂ ಹೀಗೇ ಆಗಿತ್ತು, ನನ್ನ ಕಾಲು ನೀನು ಎಂದೆಂದಿಗೂ ತೊಳೀಬಾರದು ಅಂದುಬಿಟ್ಟ. ತೊಳೆಯದೇ ಹೋದ್ರೆ ನನ್ನಲ್ಲಿ ನಿನಗೆ ಪಾಲಿಲ್ಲ ಅಂದ್ರು ಯೇಸುಸ್ವಾಮಿ. ತಗೊಳ್ಳೋದು ಕೊಡೋದಕ್ಕಿಂತ ಕಷ್ಟ ಅಮ್ಮಾ, ನಿಮ್ಮಂಥೋರಿಗೆ ಇನ್ನೂ ಕಷ್ಟ. ನಾಳೆ ಅವಳು ನೀರು ತಂದಾಗ ಬೇಡ ಅನ್ನಬೇಡಿ, ಕಾಲು ಚಾಚಿ.