ಹೆಂಗಸರು ಮೂರನೇ ಹಂತದಲ್ಲೇ ನಿಲ್ಲುತ್ತಾರಾ?

ಸರಿ ತಪ್ಪುಗಳ ಬಗೆಗಿನ ನೈತಿಕ ಯೋಚನೆ ಆರು ಹಂತಗಳಲ್ಲಿ ಬೆಳೆಯುತ್ತೆ ಅಂದ ಮನಶ್ಶಾಸ್ತ್ರಜ್ಞ ಕೋಲ್‌ಬರ್ಗ್ ಪ್ರಕಾರ ಹೆಂಗಸರು ಮೂರನೇ ಹಂತದಲ್ಲೇ, ಅಂದರೆ ಹತ್ತಿರದವರ ಮೆಚ್ಚುಗೆ ನೋಡಿ ಸರಿ ತಪ್ಪು ಹೇಳುವಲ್ಲೇ, ನಿಲ್ಲುತ್ತಾರೆ, ಬಿ.ಎಡ್. ಪರೀಕ್ಷೆಯಲ್ಲಿ ಹಾಗೇ ಬರೆಯಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬರೆಯಬೇಡಿ. ಅವರು 1958ರ ಪ್ರಬಂಧಕ್ಕೆ ಮಾತಾಡಿಸಿದ್ದು ಶಿಕಾಗೋ ಕಡೆಯ 72 ಹುಡುಗರನ್ನು, ಒಬ್ಬ ಹುಡುಗಿಯೂ ಇರಲಿಲ್ಲ, ಅದರಿಂದ ಹುಟ್ಟಿದ ಅಳತೆಯನ್ನೇ ಆಮೇಲೆ ಹೆಂಗಸರಿಗೂ ಹಚ್ಚಿದರು. ಮನಶ್ಶಾಸ್ತ್ರಜ್ಞೆ ಕ್ಯಾರಲ್ ಗಿಲಿಗನ್ ಇದನ್ನೇ ಪ್ರಶ್ನಿಸಿದ್ದು. ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು 1984ರ ಲಾರೆನ್ಸ್ ವಾಕರ್ ಪರಿಶೀಲನೆ. ಹಳೆಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಹೆಚ್ಚಿನವುಗಳಲ್ಲಿ ಗಂಡು ಹೆಣ್ಣಿನ ವ್ಯತ್ಯಾಸವೇ ಇರಲಿಲ್ಲ. ಗಂಡಸರು ಮುಂದಿದ್ದ ಕೆಲವು ಕಡೆ ಓದು, ಉದ್ಯೋಗದಲ್ಲೂ ಅವರೇ ಮುಂದಿದ್ದರು. ಕಾಲೇಜು ಓದಿ ಕೆಲಸಕ್ಕೆ ಹೋಗುವ ಗಂಡನನ್ನು, ಆ ಅವಕಾಶವೇ ಸಿಗದ ಹೆಂಡತಿಯ ಜೊತೆ ಹೋಲಿಸಿ ಹೆಂಗಸರು ಹಿಂದೆ ಅನ್ನೋದು ಅನ್ಯಾಯ ಅಲ್ವಾ? ನೈತಿಕ ಯೋಚನೆ ಅಳೆಯೋಕೆ ಮನಶ್ಶಾಸ್ತ್ರಜ್ಞ ಜೇಮ್ಸ್ ರೆಸ್ಟ್ ಮಾಡಿದ ಪರೀಕ್ಷೆಯಲ್ಲೂ ಲಿಂಗಕ್ಕಿಂತ ಓದಿನ ಪ್ರಭಾವವೇ ತುಂಬಾ ಜಾಸ್ತಿ. ಉತ್ತರದಲ್ಲಿ ವಾಕರ್ ಹೆಸರು ಖಂಡಿತ ಸೇರಿಸಿ.