ಓದುಗರ ಪ್ರಶ್ನೆ, ನಮ್ಮ ಉತ್ತರ: ಅಧ್ಯಕ್ಷೆ ನೀವು, ಡೋಂಗಲ್ ಯಾರ ಜೇಬಲ್ಲಿದೆ?

ಪಂಚಾಯ್ತಿ, ಚುನಾವಣೆ, ಹೆಣ್ಮಕ್ಕಳು ಅಂತ ಹೋದ ಸಂಚಿಕೆಯಲ್ಲಿ ಪ್ರಶ್ನೆ ಕರೆದಿದ್ವಿ. ಮಂಡ್ಯ ಮೈಸೂರು ಕಡೆಯಿಂದಲೇ ಜಾಸ್ತಿ ಬಂದಿವೆ, ತುಂಬಾ ಜನ ಹೆಸರು ಹಾಕ್ಬೇಡಿ ಅಂದಿದ್ದಾರೆ, ಹಾಕಿಲ್ಲ.

ನಾನು ನಮ್ಮ ಗ್ರಾಮ ಪಂಚಾಯ್ತಿ ಅಧ್ಯಕ್ಷೆ. ಮೀಟಿಂಗ್‌ಗೆ ನಮ್ಮ ಯಜಮಾನ್ರೇ ಹೋಗೋದು, ಬಿಲ್ ಮಾಡೋ ಡೋಂಗಲ್ಲೂ ಅವರತ್ರನೇ ಐತೆ, ಅವರು ಹೇಳಿದ ಕಡೆ ನಾನು ಸೈನ್ ಹಾಕ್ತೀನಿ ಅಷ್ಟೇ. ಈಗ ಚರಂಡಿ ಕೆಲಸ ಆಗದೇನೇ ಬಿಲ್ ಆಗೈತೆ ಅಂತ ಊರವ್ರು ನನ್ನ ಹೆಸರೆತ್ತಿ ಮಾತಾಡ್ತಾವ್ರೆ. ಯಜಮಾನ್ರನ್ನ ಎದುರು ಹಾಕ್ಕೊಳಕ್ಕೂ ಆಗಲ್ಲ. ಏನ್ ಮಾಡ್ಲಿ?
ಮದ್ದೂರು ಕಡೆಯ ಓದುಗರು

ಮೊದಲು ಡೋಂಗಲ್ ವಾಪಸ್ ಇಸ್ಕೊಳ್ಳಿ. ಮಿಕ್ಕಿದ್ದೆಲ್ಲ ಆಮೇಲೆ. ಅದು ನಿಮ್ಮ ಡಿಜಿಟಲ್ ಸಹಿ, ಪಿಡಿಓ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅವರದ್ದು ಮತ್ತೆ ನಿಮ್ಮದು ಎರಡೂ ಬಿದ್ದರೇನೇ ಪಂಚಾಯ್ತಿ ದುಡ್ಡು ಹೊರಗೆ ಹೋಗೋದು, ಅಂದ್ರೆ ನಾಳೆ ತನಿಖೆ ಅಂತ ಬಂದ್ರೆ ಯಾರು ಒತ್ತಿದ್ರು ಅಂತ ಕೇಳಲ್ಲ, ಯಾರ ಹೆಸರಲ್ಲಿ ಒತ್ತಿದೆ ಅಂತ ನೋಡ್ತಾರೆ, ನೋಟಿಸ್ ಬರೋದು ನಿಮ್ಮ ಹೆಸರಿಗೆ, ವಸೂಲಿ ಆಗೋದು ನಿಮ್ಮಿಂದ. ಯಜಮಾನ್ರ ಹತ್ರ ಜಗಳ ಬೇಡ, ಇದನ್ನೇ ಹೇಳಿ. "ಕೇಸ್ ಆದ್ರೆ ನನ್ನ ಮೇಲಾಗುತ್ತೆ, ಮಕ್ಕಳು ತಬ್ಬಲಿ ಆಗ್ತವೆ, ಕೊಡಿ ಇಲ್ಲಿ." ಹೆಂಡ್ತಿ ಅಧಿಕಾರದ ಮಾತಾಡಿದ್ರೆ ಸಿಟ್ಟು ಮಾಡ್ಕೊಳ್ಳೋ ಗಂಡಸ್ರು ಕೇಸಿನ ಮಾತು ಕೇಳಿದ್ರೆ ಒಂದು ಕ್ಷಣ ನಿಲ್ತಾರೆ. ಕೈಗೆ ಬಂದ ದಿನವೇ ಪಿನ್ ಬದಲಾಯಿಸಿ, ರಿಜಿಸ್ಟರ್ ಆಗಿರೋ ಮೊಬೈಲ್ ನಂಬರ್ ನಿಮ್ಮದೇನಾ ಅಂತ ಪಿಡಿಓ ಹತ್ರ ಕೇಳಿ ನೋಡ್ಕೊಳ್ಳಿ.

ಎರಡನೇದು ನಡಾವಳಿ ಪುಸ್ತಕ, ಮೀಟಿಂಗಲ್ಲಿ ಆದ ತೀರ್ಮಾನ ಬರೆಯೋದು. ಖಾಲಿ ಪುಟಕ್ಕೆ ಸೈನ್ ಹಾಕ್ಬೇಡಿ, ಎಷ್ಟೇ ಅರ್ಜೆಂಟ್ ಅಂದ್ರೂ ಹಾಕ್ಬೇಡಿ. ಓದೋಕೆ ಕಷ್ಟ ಆದ್ರೆ ಗಟ್ಟಿಯಾಗಿ ಓದಿ ಹೇಳಿ ಅಂತ ಪಿಡಿಓ ಅವರನ್ನ ಕೇಳಿ, ಅದು ಅವರ ಕೆಲಸ, ನಿಮಗೆ ಮಾಡೋ ಉಪಕಾರ ಅಲ್ಲ. ಈಗ ಎದ್ದಿರೋ ಚರಂಡಿ ವಿಷಯ ಇದ್ಯಲ್ಲ, ಅಳತೆ ಪುಸ್ತಕ ತರಿಸಿ, ಇಂಜಿನಿಯರ್ ಕರೆಸಿ ನೀವೇ ಹೋಗಿ ನಿಂತು ಅಳೆಸಿ, ಕೆಲಸ ಆಗಿಲ್ಲ ಅಂತ ಕಂಡ್ರೆ ತಾಲ್ಲೂಕು ಪಂಚಾಯ್ತಿ ಇಓ (ಕಾರ್ಯನಿರ್ವಾಹಕ ಅಧಿಕಾರಿ) ಅವರಿಗೆ ನೀವೇ ಮೊದಲು ಬರೆದು ಕೊಡಿ, ಒಂದು ಕಾಪಿಗೆ ಸೀಲ್ ಹಾಕಿಸ್ಕೊಂಡು ಮನೇಲಿಡಿ.

ಇನ್ನು ಯಜಮಾನ್ರು ಮೀಟಿಂಗಲ್ಲಿ ನಿಮ್ಮ ಕುರ್ಚೀಲಿ ಕೂರೋದಕ್ಕೆ ಕಾನೂನಲ್ಲಿ ಜಾಗವೇ ಇಲ್ಲ. ಇದು ನಿಮ್ಮೊಬ್ಬರ ಮನೆ ಕಥೆ ಅಂತ ಕುಗ್ಗಬೇಡಿ, ಈ ಪಿಡುಗು ದೇಶದ ಉದ್ದಕ್ಕೂ ಇದೆ, 2023ರಲ್ಲಿ ಸುಪ್ರೀಂ ಕೋರ್ಟ್ ತನಕ ಹೋಗಿ ಆಮೇಲೆ ಕೇಂದ್ರದ ಪಂಚಾಯತ್ ರಾಜ್ ಇಲಾಖೆ ಇದಕ್ಕೇ ಅಂತ ಒಂದು ಸಮಿತಿ ಮಾಡ್ತು. ಬೇರೆ ದೇಶದಲ್ಲೂ ಆಗಿದೆ. ಮೆಕ್ಸಿಕೋದಲ್ಲಿ ಪಾರ್ಟಿಗಳು ಇಷ್ಟು ಪಾಲು ಹೆಂಗಸರನ್ನ ನಿಲ್ಲಿಸ್ಬೇಕು ಅಂತ ಕಾನೂನು ಬಂದಾಗ ಹೆಂಗಸರನ್ನ ನಿಲ್ಲಿಸಿ ಗೆಲ್ಲಿಸಿದ್ರು, 2009ರಲ್ಲಿ ಗೆದ್ದವರಲ್ಲಿ ಕೆಲವರು ಪ್ರಮಾಣ ವಚನ ತಗೊಂಡ ಕೂಡ್ಲೇ ರಜೆ ಬರೆದುಕೊಟ್ಟು ಎದ್ದು ಹೋದ್ರು, ಅಲ್ಲಿ ಪ್ರತಿ ಅಭ್ಯರ್ಥಿಗೂ ಒಬ್ಬ ಬದಲಿ ಅಭ್ಯರ್ಥಿ ಇರ್ತಾರೆ, ಆ ಬದಲಿ ಗಂಡಸ್ರು ಬಂದು ಕೂತ್ರು. ಆಗ ಅಲ್ಲಿ ಯಾರೂ ಕೋಟಾ ತೆಗೀರಿ ಅಂತ ಸುಮ್ಮನಾಗ್ಲಿಲ್ಲ, ಹೆಂಗಸರೇ ಹೋರಾಡಿದ್ರು, 2011ರಲ್ಲಿ ಚುನಾವಣಾ ನ್ಯಾಯಮಂಡಳಿ ಹೆಂಗಸು ಅಭ್ಯರ್ಥಿ ಆದ್ರೆ ಬದಲಿ ಅಭ್ಯರ್ಥಿಯೂ ಹೆಂಗಸೇ ಆಗ್ಬೇಕು ಅಂತ ತೀರ್ಪು ಕೊಡ್ತು. 2021ರ ಚುನಾವಣೆ ಹೊತ್ತಿಗೆ ಅವರ ಕೆಳಮನೆಯ 500 ಸೀಟಲ್ಲಿ 250 ಹೆಂಗಸರು, 2024ರಲ್ಲಿ ಕ್ಲೌಡಿಯಾ ಶೇನ್‌ಬಾಮ್ ಅಧ್ಯಕ್ಷೆಯೂ ಆದ್ರು. ಸೀಟು ಕೊಟ್ಟು ಕೈಯಿಂದ ಪೆನ್ನು ಕಿತ್ಕೊಳ್ಳೋದನ್ನ ತಡೆಯೋಕೆ ನಿಯಮವೇ ಬೇಕಾಯ್ತು.

ಮೈಸೂರಲ್ಲಿ ಲಲಿತಮಹಲ್ ರಸ್ತೇಲಿ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆ ಇದೆ, ಇಡೀ ರಾಜ್ಯದ ಪಂಚಾಯ್ತಿ ಸದಸ್ಯರಿಗೆ ಟ್ರೈನಿಂಗ್ ಕೊಡೋದೇ ಅದರ ಕೆಲಸ. ಟ್ರೈನಿಂಗ್ ಕರೆ ಬಂದಾಗ ನೀವೇ ಹೋಗಿ. ನಿಮ್ಮ ಥರದ ಅಧ್ಯಕ್ಷೆಯರು ಅಲ್ಲಿ ಸಿಗ್ತಾರೆ, ಫೋನ್ ನಂಬರ್ ತಗೊಂಡು ಬನ್ನಿ.

ರಿಟೈರ್ಡ್ ಮೇಷ್ಟ್ರು ನಾನು. ಮೀಸಲಾತಿಯಿಂದ ಗಂಡಂದಿರ ರಾಜ್ಯಭಾರ ಆಗ್ತಿದೆ ಅಷ್ಟೇ. ಯೋಗ್ಯತೆ ಇರೋ ಹೆಂಗಸರು ತಾವಾಗೇ ಮೇಲೆ ಬರ್ತಾರೆ, ಇಂದಿರಾ ಗಾಂಧಿ ಬರ್ಲಿಲ್ವಾ?
ಸರಸ್ವತಿಪುರಂ, ಮೈಸೂರು

ಸರ್, ತಾವಾಗೇ ಬರೋದಾದ್ರೆ ಎಷ್ಟು ಬರ್ತಾರೆ ಅನ್ನೋದಕ್ಕೆ ದೂರ ಹೋಗೋದು ಬೇಡ, ಮೀಸಲಾತಿ ಇಲ್ಲದ ಕಡೆ ನೋಡೋಣ. 2023ರ ನಮ್ಮ ವಿಧಾನಸಭೆ ಚುನಾವಣೇಲಿ 224 ಸೀಟಿಗೆ ಗೆದ್ದ ಹೆಂಗಸರು 10. 2024ರಲ್ಲಿ ಕರ್ನಾಟಕದ 28 ಲೋಕಸಭಾ ಸೀಟಲ್ಲಿ 3. ಅದೇ ಪಂಚಾಯ್ತೀಲಿ ಅರ್ಧದಷ್ಟು ಹೆಂಗಸರಿದ್ದಾರೆ. ಅದೇ ಊರು, ಅದೇ ಜನ, ಅದೇ ಹೆಣ್ಮಕ್ಕಳು, ಹಾಗಿದ್ರೆ ಈ ವ್ಯತ್ಯಾಸ ಯೋಗ್ಯತೆಯಿಂದ ಬಂತಾ, ಟಿಕೆಟ್ ಕೊಡೋ ಕೈಯಿಂದ ಬಂತಾ ನೀವೇ ಹೇಳಿ.

ದೊಡ್ಡ ಸ್ಥಾನಕ್ಕೆ ಒಬ್ಬರು ಹೋದ್ರೆ ಹಿಂದೆ ಸಾಲು ಬರುತ್ತೆ ಅನ್ನೋದೂ ನಿಜ ಅಲ್ಲ. ಪ್ರಪಂಚದ ಮೊದಲ ಮಹಿಳಾ ಪ್ರಧಾನಿ 1960ರಲ್ಲೇ ಶ್ರೀಲಂಕಾದಲ್ಲಿ ಬಂದ್ರು, ಸಿರಿಮಾವೋ ಬಂಡಾರನಾಯಕೆ, ಆದ್ರೂ ಅಲ್ಲಿನ ಸಂಸತ್ತಲ್ಲಿ ಎಷ್ಟೋ ವರ್ಷ ಹೆಂಗಸರು ನೂರಕ್ಕೆ ಐದಾರು ಜನ ಇದ್ದಿದ್ದೇ ಹೆಚ್ಚು. ನಮ್ಮಲ್ಲೂ ನೋಡಿ, ಆಗ ಮೈಸೂರು ಜಿಲ್ಲೆಯೊಳಗೇ ಇದ್ದ ಗುಂಡ್ಲುಪೇಟೆಯಿಂದ ಕೆ.ಎಸ್. ನಾಗರತ್ನಮ್ಮ ಏಳು ಸಲ ಗೆದ್ದು ಬಂದೋರು, 1972ರಲ್ಲಿ ವಿಧಾನಸಭೆ ಸ್ಪೀಕರ್ ಆದ್ರು, ನಮ್ಮ ರಾಜ್ಯದ ಮೊದಲ ಮಹಿಳಾ ಸ್ಪೀಕರ್. ಅಷ್ಟು ಗಟ್ಟಿ ಹೆಣ್ಣುಮಗಳು ಅಷ್ಟು ಎತ್ತರಕ್ಕೆ ಹೋಗಿ ಅರ್ಧ ಶತಮಾನ ಆದಮೇಲೂ ನಾವು ಹತ್ತು ಜನಕ್ಕೆ ನಿಂತಿದ್ದೀವಿ.

ಮೀಸಲಾತಿಯಿಂದ ಏನಾಯ್ತು ಅಂತ ಅಳೆದು ನೋಡಿದವರೂ ಇದ್ದಾರೆ. ಆಮೇಲೆ ನೊಬೆಲ್ ಬಂದ ಎಸ್ತರ್ ಡುಫ್ಲೊ ಮತ್ತೆ ರಾಘವೇಂದ್ರ ಚಟ್ಟೋಪಾಧ್ಯಾಯ ಪಶ್ಚಿಮ ಬಂಗಾಳ ರಾಜಸ್ಥಾನದ ಪಂಚಾಯ್ತಿಗಳನ್ನ ನೋಡಿ 2004ರಲ್ಲಿ ಬರೆದ್ರು, ಹೆಂಗಸು ಮುಖ್ಯಸ್ಥೆ ಆದ ಕಡೆ ಕುಡಿಯೋ ನೀರಿಗೆ ಹೆಚ್ಚು ದುಡ್ಡು ಹೋಗಿತ್ತು, ಯಾಕಂದ್ರೆ ಅಲ್ಲಿನ ಹೆಂಗಸರು ಕೇಳ್ತಿದ್ದದ್ದೇ ನೀರು. ಕೊಡ ಹೊರೋರಿಗೆ ನಲ್ಲಿ ಎಲ್ಲಿ ಬೇಕು ಅಂತ ಗೊತ್ತಿರುತ್ತಲ್ವಾ. ಇನ್ನೊಂದು ಅಧ್ಯಯನ ಮುಂಬೈ ವಾರ್ಡ್‌ಗಳದ್ದು, ಒಂದು ಸಲ ಮಹಿಳೆಗೆ ಮೀಸಲಾಗಿದ್ದ ವಾರ್ಡು ಮುಂದಿನ ಸಲ ಜನರಲ್ ಆದಾಗ್ಲೂ ಅಲ್ಲಿ ಹೆಂಗಸು ಗೆಲ್ಲೋ ಸಾಧ್ಯತೆ ಬೇರೆ ವಾರ್ಡಿಗಿಂತ ಸುಮಾರು ಐದು ಪಟ್ಟು ಜಾಸ್ತಿ ಇತ್ತಂತೆ. ಒಂದು ಸಲ ಕಂಡ ಮೇಲೆ ಜನಕ್ಕೆ ಅಭ್ಯಾಸ ಆಗುತ್ತೆ, ಪಾರ್ಟಿಯವರಿಗೂ ಧೈರ್ಯ ಬರುತ್ತೆ.

ಹಾಗಂತ ಸಂಖ್ಯೆ ಒಂದೇ ಸಾಕು ಅಂತ ನಾನು ಹೇಳಲ್ಲ. ರುವಾಂಡಾ ದೇಶದಲ್ಲಿ 2003ರ ಸಂವಿಧಾನ ನೂರಕ್ಕೆ 30 ಪಾಲು ಹೆಂಗಸರಿಗೆ ಅಂತ ಇಡ್ತು, 2008ಕ್ಕೆ ಅರ್ಧ ದಾಟಿದ್ರು, ಈಗ ನೂರಕ್ಕೆ ಅರವತ್ತರ ಮೇಲೆ, ಪ್ರಪಂಚದಲ್ಲೇ ಮೊದಲು. ಆದ್ರೆ ಸರ್ಕಾರದ ವಿರುದ್ಧ ಮಾತಾಡೋರಿಗೆ ಅಲ್ಲಿ ಜಾಗ ತುಂಬಾ ಕಮ್ಮಿ, ಹೆಂಗಸಾಗಲಿ ಗಂಡಸಾಗಲಿ. ಸೀಟೂ ಬೇಕು, ಕೂತು ಬೇಡ ಅನ್ನೋ ಸ್ವಾತಂತ್ರ್ಯನೂ ಬೇಕು. ಗಂಡಂದಿರ ರಾಜ್ಯಭಾರದ ಬಗ್ಗೆ ನಿಮ್ಮ ಸಿಟ್ಟು ನ್ಯಾಯವಾದದ್ದೇ ಸರ್, ಆ ಸಿಟ್ಟು ಗಂಡಂದಿರ ಮೇಲೆ ಇರ್ಲಿ.

ನಮ್ಮ ವಾರ್ಡ್ ಹೋದ ಸಲ ಮಹಿಳಾ ಮೀಸಲು, ನಾನೇ ಗೆದ್ದಿದ್ದೆ, ಮುಂದೆ ಜನರಲ್ ಆಗತ್ತೆ ಅಂತಾವ್ರೆ. ಹೆಂಗಸು ನಿಲ್ಲಂಗಿಲ್ಲ ಅಂತಾನೂ ಹೇಳ್ತಾವ್ರೆ, ನಿಜನಾ?
ಕೆ.ಆರ್. ಪೇಟೆ

ಶುದ್ಧ ಸುಳ್ಳು. ಜನರಲ್ ಅಂದ್ರೆ ಎಲ್ಲರಿಗೂ, ಅದು ಗಂಡಸರ ಸೀಟಲ್ಲ. 21 ವರ್ಷ ಆಗಿ ವೋಟರ್ ಲಿಸ್ಟಲ್ಲಿ ಹೆಸರಿದ್ರೆ ಧೈರ್ಯವಾಗಿ ನಿಲ್ಲಿ. ಒಂದು ಅವಧಿ ಕೆಲಸ ಮಾಡಿ ತೋರಿಸಿದ್ದೀರಿ, ಈಗ ಮನೇಲಿ ಕೂತ್ರೆ ಕಲಿತಿದ್ದೆಲ್ಲ ವೇಸ್ಟ್.

ನಾನು ಪರಿಶಿಷ್ಟ ಜಾತಿಯವಳು, ಪಂಚಾಯ್ತಿ ಉಪಾಧ್ಯಕ್ಷೆ. ನಮ್ಮ ಕಾಲೋನಿಗೆ ಬೀದಿ ದೀಪ, ನೀರಿನ ಪೈಪ್ ಕೇಳಿದ್ದಕ್ಕೆ ಮೀಟಿಂಗಲ್ಲಿ ಮಾತಾಡೋಕೆ ಬಿಡ್ತಿಲ್ಲ, ಕುರ್ಚಿ ಕೊಡಲ್ಲ, ನೋಟಿಸ್ ಕಳಿಸಲ್ಲ. ರಾಜೀನಾಮೆ ಕೊಡು ಇಲ್ಲ ಅವಿಶ್ವಾಸ ತರ್ತೀವಿ ಅಂತಾರೆ.
ನಂಜನಗೂಡು ತಾಲ್ಲೂಕು

ನಿಮ್ಮ ಕಾಗದ ಓದಿ ಹೊಟ್ಟೆ ಉರೀತು. ರಾಜೀನಾಮೆ ಕೊಡಬೇಡಿ. ಯಾವ ಬಿಳಿ ಹಾಳೆಗೂ ಸೈನ್ ಹಾಕ್ಬೇಡಿ. ಅವಿಶ್ವಾಸ ಪಾಸಾಗ್ಬೇಕಂದ್ರೆ ಒಟ್ಟು ಸದಸ್ಯರಲ್ಲಿ ಮೂರನೇ ಎರಡು ಭಾಗ ಬೇಕು, ಬಾಯಲ್ಲಿ ಹೆದರಿಸಿದಷ್ಟು ಸುಲಭ ಅಲ್ಲ ಅದು, ಮತ್ತೆ ಅದು ಪಾಸಾದ್ರೂ ಉಪಾಧ್ಯಕ್ಷೆ ಸ್ಥಾನ ಹೋಗುತ್ತೆ, ನಿಮ್ಮ ಸದಸ್ಯತ್ವ ಹೋಗಲ್ಲ.

ಇನ್ನೊಂದು ನಿಮಗೆ ಯಾರೂ ಹೇಳಿರಲ್ಲ ಅನ್ಸುತ್ತೆ. ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆಯ್ತು, 2016ರ ಜನವರಿಯಿಂದ ಜಾರೀಲಿದೆ. ಅದರಲ್ಲಿ 3(1)(ಎಂ) ಅಂತ ಒಂದು ಕಲಂ ಇದೆ, ಪರಿಶಿಷ್ಟರಾದ ಪಂಚಾಯ್ತಿ ಸದಸ್ಯರನ್ನ ಅಥವಾ ಅಧ್ಯಕ್ಷರನ್ನ ಅವರ ಕೆಲಸ ಮಾಡದ ಹಾಗೆ ತಡೆಯೋದು, ಹೆದರಿಸೋದು ಅಪರಾಧ ಅಂತ ಅದು ಹೇಳುತ್ತೆ. ಅಂದ್ರೆ ಪೈಪ್ ಕೇಳಿದ್ದಕ್ಕೆ ಬಾಯಿ ಮುಚ್ಚಿಸೋದು ಊರ ರಾಜಕೀಯ ಅಂತ ನುಂಗ್ಕೊಳ್ಳೋ ವಿಷಯ ಅಲ್ಲ, ಕೇಸ್ ಆಗೋ ವಿಷಯ. ದಿನಾಂಕ, ಟೈಮು, ಯಾರು ಏನಂದ್ರು, ಯಾರು ಕೇಳಿಸ್ಕೊಂಡ್ರು ಎಲ್ಲ ಇವತ್ತಿಂದಲೇ ಒಂದು ನೋಟ್‌ಬುಕ್ಕಲ್ಲಿ ಬರೀರಿ. ದೂರು ಠಾಣೆಗೆ ಕೊಡಿ, ಕಾಪಿ ಎಸ್‌ಪಿ ಆಫೀಸಿಗೂ ಸಮಾಜ ಕಲ್ಯಾಣ ಇಲಾಖೆಗೂ ಕಳಿಸಿ. ಈ ಕೇಸಿನ ತನಿಖೆ ಡಿವೈಎಸ್‌ಪಿಗಿಂತ ಕೆಳಗಿನೋರು ಮಾಡೋ ಹಾಗಿಲ್ಲ. ಒಬ್ಬರೇ ಹೋಗ್ಬೇಡಿ, ನಿಮ್ಮ ಸಂಘದ ಹೆಣ್ಮಕ್ಕಳನ್ನ ಕರ್ಕೊಂಡು ಹೋಗಿ.

ಬೊಲಿವಿಯಾ ದೇಶದಲ್ಲಿ ಹುವಾನಾ ಕಿಸ್ಪೆ ಅಂತ ಒಬ್ಬ ಮೂಲನಿವಾಸಿ ಹೆಣ್ಣುಮಗಳು ಊರ ಕೌನ್ಸಿಲ್‌ಗೆ ಆರಿಸಿ ಬಂದ್ರು, ರಾಜೀನಾಮೆ ಕೊಡು ಅಂತ ಕಾಟ ಕೊಟ್ರು, ಸಭೆ ಒಳಕ್ಕೇ ಬಿಡ್ಲಿಲ್ಲ, ಕೋರ್ಟಿಗೆ ಹೋಗಿ ಹಕ್ಕು ತಗೊಂಡು ಬಂದ್ರು, 2012ರ ಮಾರ್ಚಲ್ಲಿ ಅವರ ಕೊಲೆ ಆಯ್ತು. ಅದಾದ ಮೇಲೆ ಅಲ್ಲಿನ ಹೆಂಗಸರು ಬಿಡ್ಲೇ ಇಲ್ಲ, ಅದೇ ವರ್ಷ ಮೇ ತಿಂಗಳಲ್ಲಿ ರಾಜಕೀಯದಲ್ಲಿರೋ ಹೆಂಗಸರ ಮೇಲಿನ ಕಿರುಕುಳ ಮತ್ತೆ ಹಿಂಸೆಯನ್ನೇ ಅಪರಾಧ ಮಾಡೋ ಕಾನೂನು ಬಂತು. ನೇಪಾಳದಲ್ಲಿ ಪ್ರತಿ ವಾರ್ಡಲ್ಲಿ ಒಬ್ಬ ದಲಿತ ಮಹಿಳೆ ಸದಸ್ಯೆ ಅಂತ ಸೀಟಿದೆ, 2017ರ ಚುನಾವಣೇಲಿ ಸಾವಿರಾರು ದಲಿತ ಹೆಣ್ಮಕ್ಕಳು ಆರಿಸಿ ಬಂದ್ರು. ನಿಮ್ಮನ್ನ ಹೆದರಿಸಲಿ ಅಂತ ಇದನ್ನ ಬರೀತಿಲ್ಲ. ನಿಮಗಾಗ್ತಿರೋದಕ್ಕೆ ಕಾನೂನಲ್ಲಿ ಒಂದು ಹೆಸರಿದೆ, ಶಿಕ್ಷೆ ಇದೆ, ಅದು ನಿಮ್ಮ ಕೈಲೇ ಇದೆ ಅಂತ ತಿಳೀಲಿ ಅಂತ.

ಅಣ್ಣ ಆಸ್ತಿ ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಕೇಳ್ತಾವ್ನೆ. ಮದುವೆ ಖರ್ಚು ಮಾಡಿದ್ದೀವಲ್ಲ ಅಂತಾರೆ ಅಮ್ಮನೂ. ಮುಂದೆ ಚುನಾವಣೆಗೆ ನಿಲ್ಲೋ ಆಸೆ ಐತೆ, ಮನೆಯವರ ಬೆಂಬಲ ಹೋಗತ್ತೇನೋ ಅಂತ ಭಯ.
ಪಾಂಡವಪುರ

ಮದುವೆ ಖರ್ಚಿಗೂ ಪಾಲಿಗೂ ಕಾನೂನಲ್ಲಿ ಸಂಬಂಧ ಇಲ್ಲ. ಕರ್ನಾಟಕ 1994ರಲ್ಲೇ ಪಿತ್ರಾರ್ಜಿತದಲ್ಲಿ ಹೆಣ್ಮಕ್ಕಳಿಗೆ ಸಮಪಾಲು ಅಂತ ತಂತು, ಆದ್ರೆ ಆಗಲೇ ಮದುವೆ ಆಗಿದ್ದೋರನ್ನ ಬಿಟ್ಟಿತ್ತು, 2005ರ ಕೇಂದ್ರದ ತಿದ್ದುಪಡಿ ಆ ತಡೆ ತೆಗೀತು, 2020ರಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಕೇಸಲ್ಲಿ 2005ಕ್ಕೆ ಮೊದಲೇ ತಂದೆ ತೀರಿಕೊಂಡಿದ್ರೂ ಮಗಳ ಹಕ್ಕು ಹಕ್ಕೇ ಅಂತ ಹೇಳ್ತು. 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ಪತ್ರದಿಂದ ಇಲ್ಲ ಕೋರ್ಟ್ ಡಿಕ್ರಿಯಿಂದ ವಿಭಾಗ ಆಗಿದ್ರೆ ಕಥೆ ಬೇರೆ, ಆ ಪತ್ರ ಒಬ್ಬ ವಕೀಲರಿಗೆ ತೋರಿಸಿ.

ಕೊಡೋದು ಬಿಡೋದು ನಿಮ್ಮಿಷ್ಟ, ಆದ್ರೆ ಅವಸರದಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗ್ಬೇಡಿ. ಚುನಾವಣೆಗೆ ನಿಲ್ಲೋಳಿಗೆ ತನ್ನದು ಅಂತ ಒಂದಿಷ್ಟು ಇರ್ಬೇಕು. ಪಹಣೀಲಿ ಹೆಸರಿರೋ ಹೆಂಗಸಿನ ಮಾತು ನಾಲೆ ನೀರಿನ ಜಗಳದಲ್ಲೂ ನಡೆಯುತ್ತೆ, ಸೊಸೈಟಿ ಸಾಲದಲ್ಲೂ ನಡೆಯುತ್ತೆ.

ಬಸ್ ಫ್ರೀ, ತಿಂಗಳಿಗೆ ಎರಡು ಸಾವಿರ ಬರುತ್ತೆ. ಇನ್ನು ರಾಜಕೀಯ ಯಾಕೆ ನಮಗೆ?
ಮಂಡ್ಯ

ಬರ್ಲಿ, ಬರಬೇಕಾದ್ದೇ. ಗೃಹಲಕ್ಷ್ಮಿ ಶುರುವಾಗಿದ್ದೇ ನಮ್ಮ ಮೈಸೂರಲ್ಲಿ, 2023ರ ಆಗಸ್ಟ್ 30ಕ್ಕೆ, ಆ ದುಡ್ಡಲ್ಲಿ ಎಷ್ಟೋ ಮನೇಲಿ ಮಕ್ಕಳ ಫೀಸು ಕಟ್ಟಿದ್ದಾರೆ. ಆದ್ರೆ ಕೊಡೋ ಜಾಗದಲ್ಲಿ ನೀವಿಲ್ಲ ಅಂದ್ರೆ ನಿಲ್ಲಿಸೋವಾಗ್ಲೂ ನಿಮ್ಮನ್ನ ಕೇಳಲ್ಲ. ಅಫ್ಘಾನಿಸ್ತಾನದಲ್ಲಿ 2004ರ ಸಂವಿಧಾನದ ಪ್ರಕಾರ ಕೆಳಮನೆಯ 249 ಸೀಟಲ್ಲಿ 68 ಹೆಂಗಸರಿಗಿತ್ತು, 2021ರ ಆಗಸ್ಟಲ್ಲಿ ತಾಲಿಬಾನ್ ಬಂದ ಮೇಲೆ ಸಂಸತ್ತೂ ಇಲ್ಲ, ಹುಡುಗೀರಿಗೆ ಹೈಸ್ಕೂಲೂ ಇಲ್ಲ. ನಮ್ಮ ಜಿಲ್ಲೇದೇ ತಗೊಳ್ಳಿ, 2023ರಲ್ಲಿ ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮಷೀನ್ ಇಟ್ಟು ಹೆಣ್ಣು ಭ್ರೂಣ ಪತ್ತೆ ಮಾಡ್ತಿದ್ದದ್ದು ಬಯಲಾಯ್ತು. ಅದನ್ನ ಎರಡು ಸಾವಿರ ತಡೆಯಲ್ಲ. ಊರಲ್ಲಿ ಅಧಿಕಾರ ಇರೋ ಹೆಂಗಸು, ಆಶಾ, ಅಂಗನವಾಡಿಯವರು ಮೂರೂ ಜನ ಒಟ್ಟಿಗೆ ಕೂತು ಕೇಳೋಕೆ ಶುರು ಮಾಡಿದ್ರೆ ತಡೀಬಹುದು.

ಮೊದಲ ಸಲ ಗ್ರಾಮಸಭೆಗೆ ಹೋಗೋಣ ಅಂದ್ಕೊಂಡಿದ್ದೀವಿ, ಸಂಘದಿಂದ ಎಂಟು ಜನ. ಏನು ಕೇಳ್ಬೇಕು?
ಟಿ. ನರಸೀಪುರ

ಈ ವರ್ಷದ ಕ್ರಿಯಾ ಯೋಜನೆ ಓದಿ ಅಂತ ಕೇಳಿ, ಅದರಲ್ಲಿ ನಿಮ್ಮ ಬೀದಿ ಇದ್ಯಾ ನೋಡಿ. ಕೇಂದ್ರದಿಂದ ಬರೋ ಹಣಕಾಸು ಆಯೋಗದ ದುಡ್ಡಲ್ಲಿ ನೀರಿಗೆ, ನೈರ್ಮಲ್ಯಕ್ಕೆ ಎಷ್ಟು ಇಟ್ಟಿದ್ದೀರಿ ಅಂತ ಕೇಳಿ, 15ನೇ ಆಯೋಗದಲ್ಲಿ ನೂರಕ್ಕೆ 60 ಪಾಲು ಅದಕ್ಕೇ ಅಂತ ಕಟ್ಟಿಟ್ಟಿದ್ರು. ಮುಂದೆ ಕೂತ್ಕೊಳ್ಳಿ, ಬಾಗಿಲ ಹತ್ರ ನಿಲ್ಲಬೇಡಿ. ಒಬ್ಬರು ಕೇಳಿದಾಗ ಮಿಕ್ಕ ಏಳು ಜನ ಹೌದು ಅನ್ನಿ. ನೀವು ಕೇಳಿದ್ದನ್ನ ನಡಾವಳೀಲಿ ಬರೆಯೋ ತನಕ ಎದ್ದು ಬರಬೇಡಿ, ಹದಿನೈದು ದಿನ ಬಿಟ್ಟು ಅದರ ನಕಲು ಕೇಳಿ, ಕೊಡ್ಲಿಲ್ಲ ಅಂದ್ರೆ ಮಾಹಿತಿ ಹಕ್ಕಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ. ಏನಾಯ್ತು ಅಂತ ನಮಗೂ ಬರೀರಿ.